ಮಾತ್ರೆ ಶುರು ಮಾಡಿದ ಮೇಲೆ ಮೀನು ಯಾಕೆ ಸೇರುತ್ತಿಲ್ಲ?

ಪ್ರಶ್ನೆ: ನನಗೆ 27 ವರ್ಷ. ಮದುವೆಯಾಗಿ ಒಂದೂವರೆ ವರ್ಷ ಆಯಿತು. ಮನೆ ಸುರತ್ಕಲ್ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ. ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಾಗಿ ಮುಟ್ಟು ಏರುಪೇರಾಗುವ ತೊಂದರೆ) ಉಂಟು ಎಂದು ಡಾಕ್ಟ್ರು ಗರ್ಭನಿರೋಧಕ ಮಾತ್ರೆ ಮತ್ತು ಸಕ್ಕರೆ ಕಾಯಿಲೆಯವರಿಗೂ ಕೊಡುವ ಮೆಟ್‌ಫಾರ್ಮಿನ್ ಬರೆದುಕೊಟ್ಟರು. ಸದ್ಯಕ್ಕೆ ಮಗು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು, ಹಾಗಾಗಿ ಒಳ್ಳೆಯದೇ ಆಯಿತು ಎಂದುಕೊಂಡೆ. ಎರಡನ್ನೂ ರಾತ್ರಿ ಊಟ ಆದ ಕೂಡಲೇ ನುಂಗುತ್ತೇನೆ. ಈಗ ಮೂರನೇ ಸ್ಟ್ರಿಪ್. ಮೊದಲ ತಿಂಗಳು ರಾತ್ರಿ ಹೊಟ್ಟೆ ತೊಳಸುತ್ತಿತ್ತು, ಒಂದೆರಡು ಸಲ ವಾಂತಿಯೂ ಆಯಿತು. ಈಗ ಅದು ಕಮ್ಮಿ. ಆದರೆ ಮೀನು ತಿನ್ನಲು ಆಗುತ್ತಿಲ್ಲ. ಬಂಗುಡೆ ಪುಳಿಮುಂಚಿ ಅಂದರೆ ಪ್ರಾಣ ಬಿಡುತ್ತಿದ್ದವಳು ನಾನು. ಈಗ ಮಸಾಲೆ ಕುದಿಯುವ ವಾಸನೆ ಬಂದರೆ ಸಾಕು, ಬಾಯಲ್ಲಿ ನೀರು ತುಂಬಿ ಹೊರಗೆ ಓಡುತ್ತೇನೆ. ಇಡೀ ದಿನ ಬಾಯಿ ತಗಡು ನೆಕ್ಕಿದ ಹಾಗೆ. ಸಂಜೆ ಕಾಫಿ ಕುಡಿದರೆ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಅತ್ತೆ "ಏನಾದ್ರೂ ವಿಶೇಷ ಉಂಟಾ?" ಎಂದು ಕೇಳುತ್ತಾರೆ. ಮಾತ್ರೆ ವಿಷಯ ಅವರಿಗೆ ಗೊತ್ತಿಲ್ಲ. ಗಂಡ "ಎಲ್ಲ ನಿನ್ನ ಮನಸ್ಸಿನದ್ದು" ಅನ್ನುತ್ತಾರೆ. ಮಾತ್ರೆ ನಿಲ್ಲಿಸಿಬಿಡಲಾ? ಮೀನು ಇನ್ನು ಜನ್ಮದಲ್ಲಿ ಸೇರುವುದಿಲ್ಲವಾ? ಮುಂದೆ ಮಗುವಾಗುವುದಕ್ಕೆ ಈ ಮಾತ್ರೆಯಿಂದ ತೊಂದರೆ ಉಂಟಾ?

ಉತ್ತರ: ಸ್ಟ್ರಿಪ್ ಅರ್ಧ ಆಗಿರುವಾಗ ಮಾತ್ರೆ ನಿಲ್ಲಿಸಬೇಡಿ. ಮೀನಿನ ವಿಷಯದಲ್ಲಿ ಧೈರ್ಯ ತಂದುಕೊಳ್ಳಿ. ಇಂಥ ಅಸಹ್ಯ ಹೆಚ್ಚಿನವರಲ್ಲಿ ಹೋಗುತ್ತದೆ. ಹೇಗೆ ಹೋಗುತ್ತದೆ, ಅದಕ್ಕೆ ನೀವೇನು ಮಾಡಬಹುದು ಎಂದು ಕೆಳಗೆ ವಿವರವಾಗಿ ಹೇಳುತ್ತೇನೆ. ಮಗುವಿನ ಪ್ರಶ್ನೆಗೂ ಬರುತ್ತೇನೆ.

ಅದಕ್ಕೆ ಮುಂಚೆ ನಾಳೆ ಬೆಳಿಗ್ಗೆಯೇ ಒಂದು ಕೆಲಸ ಮಾಡಿ. ಎದ್ದ ಕೂಡಲೇ ಹೋಗುವ ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಕಿಟ್ ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗುತ್ತದೆ. ಆಶಾ ಕಾರ್ಯಕರ್ತೆಯರ ಬಳಿ ಸರಕಾರದ 'ನಿಶ್ಚಯ್' ಕಿಟ್ ಕೂಡ ಇರುತ್ತದೆ. ಮಾತ್ರೆ ತಿನ್ನುವವಳಿಗೆ ಇದೆಲ್ಲ ಯಾಕೆ ಎಂದು ನಿಮಗೆ ಅನ್ನಿಸಬಹುದು. ಮೊದಲ ತಿಂಗಳು ಒಂದೆರಡು ಸಲ ವಾಂತಿಯಾಯಿತು ಎಂದು ಬರೆದಿದ್ದೀರಿ. ಮಾತ್ರೆ ನುಂಗಿ 3 ಗಂಟೆಯೊಳಗೆ ವಾಂತಿಯಾದರೆ ಆ ಮಾತ್ರೆ ಮೈಗೆ ಹತ್ತಿಲ್ಲ ಎಂದೇ ಲೆಕ್ಕ. ಕೂಡಲೇ ಇನ್ನೊಂದು ನುಂಗಬೇಕಿತ್ತು. ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ತಪ್ಪದೆ ತೆಗೆದುಕೊಂಡರೆ ಈ ಮಾತ್ರೆ ಬಹಳ ಭದ್ರ. ವರ್ಷಕ್ಕೆ 100 ಮಂದಿಯಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ. ಮರೆಯುತ್ತಾ, ಬಿಡುತ್ತಾ ತೆಗೆದುಕೊಳ್ಳುವವರಲ್ಲಿ ಅದು 7ರ ಆಸುಪಾಸಿಗೆ ಏರುತ್ತದೆ. ಎರಡು ಸ್ಟ್ರಿಪ್ ನಡುವೆ ಮಾತ್ರೆ ಇಲ್ಲದ ಬಿಡುವಿನ ವಾರದಲ್ಲಿ ರಕ್ತಸ್ರಾವ ಆಗಿದೆ ಎಂಬುದೊಂದನ್ನೇ ನಂಬಿ ಕೂರಬೇಡಿ. ಅದು ಹಾರ್ಮೋನು ನಿಂತದ್ದಕ್ಕೆ ಆಗುವ ಸ್ರಾವ, ಸಹಜ ಮುಟ್ಟಿನಷ್ಟು ಗಟ್ಟಿ ಸಾಕ್ಷಿ ಅಲ್ಲ. ಪರೀಕ್ಷೆಯಲ್ಲಿ ಎರಡು ಗೆರೆ ಬಂದರೆ ಮಾತ್ರೆ ನಿಲ್ಲಿಸಿ ಡಾಕ್ಟ್ರನ್ನು ನೋಡಿ. ಅಲ್ಲಿವರೆಗೆ ತಿಂದ ಮಾತ್ರೆಯಿಂದ ಮಗುವಿಗೆ ಊನ ಆಗುತ್ತದೆ ಎಂಬ ಹೆದರಿಕೆ ಬೇಡ. ಒಂದೇ ಗೆರೆ ಬಂದರೆ ಮುಂದೆ ಓದಿ. ನಿಮ್ಮ ಪತ್ರ ನೋಡಿದರೆ ಒಂದೇ ಗೆರೆ ಬರುವ ಸಾಧ್ಯತೆ ಜಾಸ್ತಿ.

"ಮನಸ್ಸಿನದ್ದು" ಎಂಬ ಮಾತು ನಿಮ್ಮ ಗಂಡನೇ ಮೊದಲು ಹೇಳಿದ್ದಲ್ಲ. ಈ ಮಾತ್ರೆಯಷ್ಟೇ ಹಳೆಯ ಮಾತು ಅದು. 1956ರಲ್ಲಿ ಪೋರ್ಟೊರಿಕೊ ದ್ವೀಪದಲ್ಲಿ ಇದರ ಮೊದಲ ದೊಡ್ಡ ಪರೀಕ್ಷೆ ನಡೆಯಿತು. ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದವರು ಡಾ. ಎಡ್ರಿಸ್ ರೈಸ್-ರೇ. ಮಾತ್ರೆ ಗರ್ಭವನ್ನೇನೋ ತಡೆಯುತ್ತದೆ, ಆದರೆ 100ರಲ್ಲಿ 17 ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವು, ವಾಂತಿ ಆಗುತ್ತಿದೆ, ಹಾಗಾಗಿ ಇದು ಎಲ್ಲರಿಗೂ ಕೊಡುವಂಥದ್ದಲ್ಲ ಎಂದು ಅವರು ವರದಿ ಬರೆದರು. ಮಾತ್ರೆ ಕಂಡುಹಿಡಿದ ತಂಡದ ಹಿರಿಯರು ಅದನ್ನು ಮನಸ್ಸಿನ ದೂರು ಎಂದು ಬದಿಗಿಟ್ಟರು. 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆ ಮಾತ್ರೆಯಲ್ಲಿ ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನು 150 ಮೈಕ್ರೋಗ್ರಾಂ ಇತ್ತು. ಈಗ ನಾವು ಬರೆದುಕೊಡುವುದರಲ್ಲಿ 20ರಿಂದ 35 ಮೈಕ್ರೋಗ್ರಾಂ ಅಷ್ಟೇ. ಇಷ್ಟು ಇಳಿಸಿದ್ದರ ಹಿಂದೆ ಹೆಂಗಸರ ಆ ದೂರುಗಳೂ ಇವೆ.

ಔಷಧವೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ನೋಡಿದ ಪರೀಕ್ಷೆಗಳಲ್ಲೂ ತಲೆನೋವು, ವಾಕರಿಕೆ ಎಂದು ಹೇಳಿದವರಿದ್ದಾರೆ. ಅದೂ ನಿಜ. ಹೆದರಿಕೆಯಿಂದಲೂ ಹೊಟ್ಟೆ ತೊಳಸುತ್ತದೆ. ಆದರೆ ಎದುರಿಗೆ ಕೂತ ಹೆಂಗಸಿನ ಬಾಯಿ ಮುಚ್ಚಿಸಲು ಅದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಊಟ ಸೇರುತ್ತಿಲ್ಲ ಎಂದು ಒಬ್ಬಳು ಹೇಳಿದರೆ ಮೊದಲು ನಂಬಬೇಕು. ಆಮೇಲೆ ಕಾರಣ ಹುಡುಕಬೇಕು.

ನಿಮ್ಮ ಪತ್ರದಲ್ಲಿ ಮೂರು ದೂರು ಉಂಟು. ಮೀನು, ತಗಡಿನ ರುಚಿ, ಕಾಫಿ. ನೀವು ಮೂರನ್ನೂ ಮಾತ್ರೆಯ ತಲೆಗೆ ಕಟ್ಟಿದ್ದೀರಿ. ನನಗೆ ಕಾಣುವ ಪ್ರಕಾರ ಮೂರಕ್ಕೂ ಬೇರೆ ಬೇರೆ ಕಾರಣ, ಬೇರೆ ಬೇರೆ ಪರಿಹಾರ.

ಮೀನಿನಿಂದ ಶುರು ಮಾಡೋಣ. ನಿಮ್ಮ ರಾತ್ರಿ ಹೇಗೆ ಸಾಗುತ್ತದೆ ನೋಡಿ. ಊಟಕ್ಕೆ ಮೀನು ಸಾರು. ಬಟ್ಟಲು ತೊಳೆದಿಟ್ಟು ಎರಡು ಮಾತ್ರೆ. ಆಮೇಲೆ ಹಾಸಿಗೆ. ಮಾತ್ರೆಯ ಈಸ್ಟ್ರೊಜನ್ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಏರುತ್ತದೆ. ಮಿದುಳಿನ ಬುಡದಲ್ಲಿ, ರಕ್ತದಲ್ಲಿ ಏನಾದರೂ ವಿಷ ಬಂದಿದೆಯಾ ಎಂದು ಕಾವಲು ಕಾಯುವ ಒಂದು ಚಿಕ್ಕ ಜಾಗ ಉಂಟು. ಈಸ್ಟ್ರೊಜನ್ ಅದನ್ನು ಕೆಣಕುತ್ತದೆ. ಹೊಟ್ಟೆ ತೊಳಸಲು ಶುರುವಾಗುತ್ತದೆ. ಆಗ ಮಿದುಳು ಹಿಂದೆ ತಿರುಗಿ ನೋಡುತ್ತದೆ, ಏನು ತಿಂದೆ ಎಂದು. ಮಾತ್ರೆಗೆ ರುಚಿಯಿಲ್ಲ, ವಾಸನೆಯಿಲ್ಲ. ಗಾಢವಾಗಿ ನೆನಪಿರುವುದು ಬಂಗುಡೆ. ಅಪರಾಧ ಅದರ ಮೇಲೆ ಬಿತ್ತು. ಪಕ್ಕದ ಮನೆಯವನ ಕಳ್ಳತನಕ್ಕೆ ನಿಮ್ಮನ್ನು ಹಿಡಿದುಕೊಂಡು ಹೋದ ಹಾಗೆ.

ಇದು ಊಹೆಯಲ್ಲ. ಜಾನ್ ಗಾರ್ಸಿಯಾ ಎಂಬ ಅಮೆರಿಕದ ವಿಜ್ಞಾನಿ 1955ರಲ್ಲಿ ಇದನ್ನು ತೋರಿಸಿದರು. ಇಲಿಗಳಿಗೆ ಸ್ಯಾಕರೀನ್ ಹಾಕಿದ ಸಿಹಿ ನೀರು ಕೊಟ್ಟು, ಅದೇ ಹೊತ್ತಿಗೆ ಮೈ ಕೆಡಿಸುವ ವಿಕಿರಣ ಹಾಯಿಸಿದರು. ಆಮೇಲೆ ಇಲಿಗಳು ಸಿಹಿ ನೀರಿನ ಹತ್ತಿರ ಸುಳಿಯಲಿಲ್ಲ. ಬೇರೆ ಪಾಠಗಳನ್ನು ಇಲಿ ಹತ್ತಾರು ಸಲ ಮಾಡಿ ಕಲಿಯುತ್ತದೆ. ಇದಕ್ಕೆ ಒಂದೇ ಸಲ ಸಾಕು. ತಿಂದದ್ದಕ್ಕೂ ಹೊಟ್ಟೆ ಕೆಟ್ಟದ್ದಕ್ಕೂ ನಡುವೆ ಗಂಟೆಗಟ್ಟಲೆ ಅಂತರ ಇದ್ದರೂ ಮಿದುಳು ಗಂಟು ಹಾಕುತ್ತದೆ. 1966ರಲ್ಲಿ ಅವರು ಇನ್ನೊಂದು ವಿಷಯ ತೋರಿಸಿದರು. ಹೊಟ್ಟೆ ಕೆಟ್ಟರೆ ಇಲಿ ರುಚಿಯನ್ನು ದೂರುತ್ತದೆ, ಆ ಹೊತ್ತಿನ ಬೆಳಕನ್ನೋ ಸದ್ದನ್ನೋ ದೂರುವುದಿಲ್ಲ. ಹಾಗಾಗಿ ನಿಮಗೂ ಊಟದ ಮನೆಯ ಮೇಲೆ, ಹಾಸಿಗೆಯ ಮೇಲೆ ಬೇಸರ ಬಂದಿಲ್ಲ. ಮೀನಿನ ಮೇಲೆ ಬಂದಿದೆ. ಈಸ್ಟ್ರೊಜನ್ ಚುಚ್ಚಿ ಇದೇ ಪರೀಕ್ಷೆ ಮಾಡಿದಾಗಲೂ ಇಲಿಗಳು ಆಗಷ್ಟೇ ರುಚಿ ನೋಡಿದ ಆಹಾರವನ್ನು ದೂರ ಮಾಡಿವೆ.

ಮನುಷ್ಯರಲ್ಲಿ? ಐಲೀನ್ ಬರ್ನ್‌ಸ್ಟೈನ್ ಎಂಬ ಸಂಶೋಧಕಿ 1978ರಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ಮಕ್ಕಳಿಗೆ, ವಾಂತಿ ತರಿಸುವ ಔಷಧ ಕೊಡುವ ಮುಂಚೆ ಒಂದು ಹೊಸ ರುಚಿಯ ಐಸ್‌ಕ್ರೀಮ್ ಕೊಟ್ಟರು. ಆಮೇಲೆ ಆ ಮಕ್ಕಳಿಗೆ ಆ ಐಸ್‌ಕ್ರೀಮ್ ಬೇಡವಾಯಿತು. ತಮಗೆ ವಾಂತಿಯಾಗುವುದು ಔಷಧದಿಂದ ಎಂದು ತಿಳಿಯುವಷ್ಟು ದೊಡ್ಡ ಮಕ್ಕಳೂ ಅದರಲ್ಲಿದ್ದರು. ಗೊತ್ತಿದ್ದರೂ ನಾಲಿಗೆ ಕೇಳಲಿಲ್ಲ. ಇದನ್ನು ನಿಮ್ಮ ಗಂಡನಿಗೂ ಓದಿ ಹೇಳಿ. "ಮೀನಿನಿಂದ ಏನೂ ಆಗಲ್ಲ, ತಿನ್ನು" ಎಂದು ಬುದ್ಧಿ ಹೇಳಿ ಈ ಅಸಹ್ಯ ಬಿಡಿಸಲು ಆಗುವುದಿಲ್ಲ. ಇದು ಬುದ್ಧಿಯ ಅಂಕೆಗೆ ಸಿಗದ ಜಾಗದಲ್ಲಿ ಬರೆದಿಟ್ಟ ಪಾಠ.

ಅನ್ನ ಯಾಕೆ ತಪ್ಪಿಸಿಕೊಂಡಿತು, ಮೀನೇ ಯಾಕೆ ಸಿಕ್ಕಿಬಿತ್ತು ಎಂದು ಕೇಳಬಹುದು. ಕುಚ್ಚಲಕ್ಕಿ ಅನ್ನವನ್ನು ನೀವು ಹುಟ್ಟಿದಾಗಿನಿಂದ ಸಾವಿರಾರು ಸಲ ತಿಂದಿದ್ದೀರಿ, ಏನೂ ಆಗಿಲ್ಲ. ಅಷ್ಟು ಹಳೆಯ, ಸಪ್ಪೆ ಆಹಾರವನ್ನು ಮಿದುಳು ಸುಲಭವಾಗಿ ಅನುಮಾನಿಸುವುದಿಲ್ಲ. ಅನುಮಾನ ಹೋಗುವುದು ಹೊಸ ರುಚಿಯ ಮೇಲೆ, ಗಾಢ ವಾಸನೆಯ ಮೇಲೆ, ಮೀನು ಮಾಂಸದ ಮೇಲೆ.

ಮೀನೂ ನಿಮಗೆ ಹೊಸದಲ್ಲ, ಅಲ್ವಾ? ಇಲ್ಲೇ ನನಗೆ ಒಂದು ಸಂಶಯ. ನೀವು ಬರೆದದ್ದು ಮಸಾಲೆ ಕುದಿಯುವ ವಾಸನೆ ಎಂದು. ನಮ್ಮ ಕಡೆ ಪುಳಿಮುಂಚಿ ಮನೆಯಿಂದ ಮನೆಗೆ ಬೇರೆ. ಒಬ್ಬರು ಮೆಣಸಿನ ಜೊತೆ ಕೊತ್ತಂಬರಿ, ಮೆಂತೆ, ಓಮ ಹುರಿದು ಹಾಕುತ್ತಾರೆ. ಇನ್ನೊಬ್ಬರು ಬೆಳ್ಳುಳ್ಳಿ ಜಾಸ್ತಿ ಮಾಡುತ್ತಾರೆ. ಹುಣಸೆಹುಳಿಯ ಬದಲು ಬಿಂಬುಳಿ ಹಾಕುವವರೂ ಉಂಟು. ಅತ್ತೆ ಮನೆಯ ಮಸಾಲೆ ನಿಮ್ಮ ನಾಲಿಗೆಗೆ ಒಂದೂವರೆ ವರ್ಷದ ಪರಿಚಯ ಮಾತ್ರ. ಮುಂದಿನ ಸಲ ತಾಯಿ ಮನೆಗೆ ಹೋದಾಗ ಅಲ್ಲಿನ ಸಾರಿನ ವಾಸನೆ ಹೇಗನ್ನಿಸುತ್ತದೆ ಎಂದು ಗಮನಿಸಿ. ತೆಂಗಿನಕಾಯಿ ಅರೆದು ಮಾಡಿದ ಗಸಿ ಹೇಗನ್ನಿಸುತ್ತದೆ ನೋಡಿ. ಅದು ಸಹಿಸುವಂತಿದ್ದರೆ ನಿಮ್ಮ ಜಗಳ ಮೀನಿನ ಜೊತೆ ಅಲ್ಲ, ಆ ಒಂದು ಮಸಾಲೆಯ ಜೊತೆ. ವಾಪಸ್ ಬರುವ ದಾರಿ ಆಗ ಬಹಳ ಹತ್ತಿರ. ಅತ್ತೆಗೆ ಮಾತ್ರ ಇದನ್ನು ಹೇಳಲು ಹೋಗಬೇಡಿ, ಸುಮ್ನೆ ಮನಸ್ತಾಪ.

ಮೀನಿನ ವಾಸನೆಯ ಬಗ್ಗೆಯೂ ಎರಡು ಮಾತು. ಸಮುದ್ರದ ಮೀನಿನ ಮೈಯಲ್ಲಿ ವಾಸನೆಯಿಲ್ಲದ ಒಂದು ಪದಾರ್ಥ ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಟ್ರೈಮಿಥೈಲಮೀನ್ ಮಾಡುತ್ತವೆ. ನಾವು ಮೀನು ನಾರುತ್ತದೆ ಎನ್ನುವುದು ಮುಖ್ಯವಾಗಿ ಅದನ್ನೇ. ಹುಳಿ ಬಿದ್ದರೆ ಅದು ಲವಣವಾಗಿ ಮಾರ್ಪಟ್ಟು ಗಾಳಿಗೆ ಏಳುವುದನ್ನು ನಿಲ್ಲಿಸುತ್ತದೆ. ನಮ್ಮ ಕರಾವಳಿಯ ಹೆಂಗಸರು ಮೀನನ್ನು ಉಪ್ಪು, ಹುಳಿ ಹಾಕಿ ಉಜ್ಜಿ ತೊಳೆಯುವುದು, ಸಾರಿಗೆ ಹುಳಿ ಬಿಡದೇ ಹಾಕುವುದು ಇದಕ್ಕೇ ಸರಿಯಾಗಿ ಉಂಟು. ಬಂಗುಡೆ, ಬೂತಾಯಿ ಎಣ್ಣೆ ಜಾಸ್ತಿ ಇರುವ ಮೀನು. ಆ ಎಣ್ಣೆ ಬೇಗ ಕಮಟುತ್ತದೆ. ಕಾಣೆ, ಮಾಂಜಿ ಅಷ್ಟು ಜೋರಲ್ಲ. ಜೂನ್, ಜುಲೈ ಎರಡು ತಿಂಗಳು ಟ್ರಾಲ್ ಬೋಟ್ ಇಳಿಯದಿರುವಾಗ ಐಸ್‌ನಲ್ಲಿ ದೂರದಿಂದ ಬಂದ ಮೀನೇ ಜಾಸ್ತಿ. ಆ ಹೊತ್ತಿನಲ್ಲಿ ಮತ್ತೆ ಶುರು ಮಾಡುವ ಪ್ರಯತ್ನ ಬೇಡ.

ಇನ್ನು ಏನು ಮಾಡುವುದು? ಮಾತ್ರೆಯ ಹೊತ್ತು ಬದಲಿಸಿ ಎಂದು ಹಲವರು ಹೇಳುತ್ತಾರೆ. ನಾನು ಹೇಳುವುದು, ಮಾತ್ರೆ ಅಲ್ಲೇ ಇರಲಿ, ಮೀನಿನ ಹೊತ್ತು ಬದಲಿಸಿ. ರಾತ್ರಿ ಮಾತ್ರೆ ನುಂಗಿ ಮಲಗುವುದು ನಿಮಗೆ ರೂಢಿಯಾಗಿದೆ, ವಾಕರಿಕೆಯ ಬಹುಪಾಲು ನಿದ್ದೆಯಲ್ಲೇ ಕಳೆಯುತ್ತದೆ. ಅದನ್ನು ಕೆಡಿಸುವುದು ಬೇಡ. ರಾತ್ರಿ ಊಟಕ್ಕೆ ಮೀನು ಬೇಡ. ಅನ್ನ, ತೊವ್ವೆ, ಒಂದು ಪಲ್ಯ, ಮಜ್ಜಿಗೆ ಇಷ್ಟು ಸಾಕು. ನಿಮಗೆ ತುಂಬ ಇಷ್ಟವಾದ ಯಾವ ಪದಾರ್ಥವನ್ನೂ ಸದ್ಯ ರಾತ್ರಿಗೆ ಇಟ್ಟುಕೊಳ್ಳಬೇಡಿ. ಕೋರಿರೊಟ್ಟಿ ಆಗಲಿ, ನೀರುದೋಸೆ ಜೊತೆ ಕೋಳಿ ಆಗಲಿ, ಮಧ್ಯಾಹ್ನಕ್ಕೆ ಇರಲಿ. ಇಲ್ಲದಿದ್ದರೆ ಮುಂದಿನ ಸರದಿ ಅದರದ್ದು. ಖಾಲಿ ಹೊಟ್ಟೆಯಲ್ಲಿ ಮಾತ್ರ ಮಾತ್ರೆ ನುಂಗಬೇಡಿ, ತೊಳಸುವುದು ಜಾಸ್ತಿ ಆಗುತ್ತದೆ.

ಇನ್ನೂ ಒಂದು ಉಪಾಯ ಉಂಟು. ಆ ಬರ್ನ್‌ಸ್ಟೈನ್ ಅವರೇ ಮುಂದೆ ಇನ್ನೊಂದು ಪ್ರಯೋಗ ಮಾಡಿದರು. ಮಕ್ಕಳ ಊಟ ಮುಗಿದ ಮೇಲೆ, ಔಷಧ ಕೊಡುವ ಮುಂಚೆ, ಜೋರು ರುಚಿಯ ಮಿಠಾಯಿ ಚೀಪಲು ಕೊಟ್ಟರು. ವಾಕರಿಕೆಯ ದೂರು ಮಿಠಾಯಿಯ ಮೇಲೆ ಹೋಯಿತು, ಊಟ ಬಚಾವಾಯಿತು. ನೀವೂ ಊಟಕ್ಕೂ ಮಾತ್ರೆಗೂ ನಡುವೆ ಒಂದು ಮಿಠಾಯಿ ಇಟ್ಟುಕೊಳ್ಳಿ. ನಿಮಗೆ ಪ್ರೀತಿಯೂ ಇಲ್ಲದ, ಮುಂದೆ ಬಿಟ್ಟುಹೋದರೂ ಬೇಸರವಾಗದ ರುಚಿ ಆಗಿರಬೇಕು. ಅಂಗಡಿಯ ಬಾಟಲಿಯಲ್ಲಿರುವ ಯಾವುದೋ ಹಣ್ಣಿನ ಎಸೆನ್ಸಿನ ಪೆಪ್ಪರ್‌ಮೆಂಟ್ ನಡೆಯುತ್ತದೆ. ಶುಂಠಿ ಮಿಠಾಯಿ ಬೇಡ, ನಾಳೆ ವಾಕರಿಕೆಗೆ ಶುಂಠಿಯೇ ಬೇಕಾಗಬಹುದು.

ಮೀನನ್ನು ಮತ್ತೆ ಮುಟ್ಟಲು ಒಳ್ಳೆಯ ಸಮಯ ಮಾತ್ರೆ ಇಲ್ಲದ 7 ದಿನ. ಆಗ ಈಸ್ಟ್ರೊಜನ್‌ನ ವಾಕರಿಕೆ ಇರುವುದಿಲ್ಲ. ಮಧ್ಯಾಹ್ನದ ಊಟ, ಕಿಟಕಿ ತೆರೆದಿರಲಿ, ಅಡುಗೆ ಬೇರೆಯವರು ಮಾಡಲಿ. ಕಾಣೆಯಂಥ ಮೀನು, ಬೇರೆ ಬಗೆಯ ಅಡುಗೆ. ಬಿಸಿ ಬಿಸಿ ಬೇಡ, ಆರಿದ ಮೇಲೆ ವಾಸನೆ ಕಮ್ಮಿ ಏಳುತ್ತದೆ. ಮೊದಲ ದಿನ ಒಂದು ತುಂಡಿನ ಮೂಲೆ ಮುರಿದು ಅನ್ನದ ಜೊತೆ ತಿಂದರೂ ಆಯಿತು. ಅಷ್ಟೇ. ಹೊಟ್ಟೆ ತೊಳಸದೇ ಆ ದಿನ ಕಳೆದರೆ ಮಿದುಳಿಗೆ ಒಂದು ಹೊಸ ಲೆಕ್ಕ ಸಿಕ್ಕಿತು. ಇನ್ನೆರಡು ದಿನ ಬಿಟ್ಟು ಮತ್ತೆ ಸ್ವಲ್ಪ. ಬಂಗುಡೆ ಪುಳಿಮುಂಚಿ ಕೊನೆಗೆ ಇರಲಿ. ಮೂಗು ಮುಚ್ಚಿಕೊಂಡು, ಕಣ್ಣೀರು ಹಾಕಿಕೊಂಡು ನುಂಗಬೇಡಿ. ಒಮ್ಮೆ ಓಕರಿಕೆ ಬಂದರೆ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಕೆಲವರಿಗೆ ಒಂದೆರಡು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಜಾಸ್ತಿ ಹಿಡಿಯುತ್ತದೆ. ಮಾತ್ರೆ ನಿಲ್ಲಿಸಿದ ತಕ್ಷಣ ಹೋಗಿಬಿಡುತ್ತದೆ ಎಂದು ಎಣಿಸಬೇಡಿ. ಕಲಿತದ್ದು ಮರೆಯಬೇಕಲ್ಲ. ಮಾತ್ರೆ ಬಿಟ್ಟರೆ ಎಲ್ಲ ಸರಿ ಎಂಬ ಆಸೆಯಲ್ಲಿ ನಡುವೆ ನಿಲ್ಲಿಸಿದರೆ ಮೀನೂ ಬರಲಿಕ್ಕಿಲ್ಲ, ರಕ್ತಸ್ರಾವ ಏರುಪೇರಾಗುತ್ತದೆ, ಗರ್ಭದ ಭಯ ಬೇರೆ.

ತಗಡು ನೆಕ್ಕಿದ ರುಚಿಯ ಆರೋಪಿ ಹೆಚ್ಚುಕಮ್ಮಿ ಖಂಡಿತ ಮೆಟ್‌ಫಾರ್ಮಿನ್. ಬಾಯಲ್ಲಿ ಲೋಹದ ರುಚಿ, ಹೊಟ್ಟೆ ತೊಳಸುವುದು, ಸಡಿಲ ಭೇದಿ ಇದೆಲ್ಲ ಅದರ ಸ್ವಭಾವ. ಮೊದಲ ತಿಂಗಳ ವಾಕರಿಕೆಯಲ್ಲೂ ಅದರ ಪಾಲು ಇದ್ದೀತು. ಎರಡನ್ನೂ ಒಂದೇ ದಿನ ಶುರು ಮಾಡಿದಾಗ ಯಾವುದರಿಂದ ಏನು ಎಂದು ಬಿಡಿಸುವುದು ಕಷ್ಟ. ನಾನಾದರೆ ಸಾಧ್ಯವಿದ್ದಾಗ ಒಂದನ್ನು ಮೊದಲು, ಇನ್ನೊಂದನ್ನು ಕೆಲವು ವಾರ ಬಿಟ್ಟು ಶುರು ಮಾಡಿಸುತ್ತೇನೆ. ಊಟ ಮುಗಿದ ಮೇಲೆ ನುಂಗುವ ಬದಲು ಊಟದ ನಡುವೆ ನುಂಗಿ ನೋಡಿ. ನಿಧಾನವಾಗಿ ಕರಗುವ ಬಗೆಯ ಮೆಟ್‌ಫಾರ್ಮಿನ್ ಸಿಗುತ್ತದೆ, ಕಮ್ಮಿ ಪ್ರಮಾಣದಿಂದ ಏರಿಸುವ ಕ್ರಮವೂ ಉಂಟು. ನಿಮ್ಮ ಡಾಕ್ಟ್ರ ಹತ್ತಿರ ಕೇಳಿ.

ಇದಕ್ಕೆ ಹೊಂದಿಕೊಂಡು ಇನ್ನೊಂದು ವಿಷಯ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆಟ್‌ಫಾರ್ಮಿನ್ ಬಹಳ ಕಾಲ ತೆಗೆದುಕೊಂಡರೆ ವಿಟಮಿನ್ ಬಿ12 ಇಳಿಯುತ್ತದೆ. ನಿಮಗೆ ಬಿ12 ಕೊಡುತ್ತಿದ್ದದ್ದು ಮುಖ್ಯವಾಗಿ ಮೀನು. ಈಗ ಮೀನೂ ನಿಂತಿದೆ. ಮೀನು ಮತ್ತೆ ಸೇರುವವರೆಗೆ ಮೊಟ್ಟೆ, ಹಾಲು, ಮೊಸರು ತಪ್ಪಿಸಬೇಡಿ. ಪ್ರೋಟೀನಿಗೆ ಹುರುಳಿ ಸಾರು, ಹೆಸರುಕಾಳಿನ ಗಸಿ, ಕಡಲೆ ಉಂಟಲ್ಲ. ಮುಂದಿನ ಸಲ ರಕ್ತ ಪರೀಕ್ಷೆಗೆ ಹೋದಾಗ ಬಿ12 ಕೂಡ ನೋಡಿಸಿ. ಶುದ್ಧ ಸಸ್ಯಾಹಾರಿಗಳಾಗಿ ಮೆಟ್‌ಫಾರ್ಮಿನ್ ತಿನ್ನುತ್ತಿರುವ ಉಡುಪಿ ಕಡೆಯ ಓದುಗರಿಗೂ ಇದೇ ಮಾತು.

ಕಾಫಿಯ ಕಥೆ ಬೇರೆ. ಅಲ್ಲಿ ಅಸಹ್ಯವೂ ಇಲ್ಲ, ತಪ್ಪು ಕಲಿಕೆಯೂ ಇಲ್ಲ. ಕಾಫಿಯ ಕೆಫೀನನ್ನು ಒಡೆಯುವುದು ಲಿವರಿನ ಒಂದು ಕಿಣ್ವ. ಈಸ್ಟ್ರೊಜನ್ ಇರುವ ಮಾತ್ರೆ ಆ ಕಿಣ್ವವನ್ನು ನಿಧಾನ ಮಾಡುತ್ತದೆ. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸಾಧಾರಣ 5 ಗಂಟೆ ಬೇಕಾದರೆ, ಮಾತ್ರೆ ತಿನ್ನುವವರಲ್ಲಿ ಸುಮಾರು 10 ಗಂಟೆ ಹಿಡಿಯುತ್ತದೆ. ಸಂಜೆ 5ಕ್ಕೆ ಕುಡಿದ ಲೋಟದ ಅರ್ಧ ನಡುರಾತ್ರಿ 3ಕ್ಕೂ ನಿಮ್ಮ ರಕ್ತದಲ್ಲಿ ಉಂಟು. ನಿದ್ದೆ ಬರುವುದು ಹೇಗೆ ಮಾರಾಯ್ರೇ? ಹಿಂದೆ ಎರಡು ಲೋಟ ತಡೆಯುತ್ತಿದ್ದ ಮೈಗೆ ಈಗ ಅದೇ ಎರಡು ಲೋಟ ನಾಲ್ಕರ ಹಾಗೆ. ಬೆಳಿಗ್ಗೆ ಒಂದು ಸಣ್ಣ ಲೋಟ ಕುಡಿಯಿರಿ, ಸಂಜೆಯದ್ದನ್ನು ಬಿಡಿ. ಚಾ ಕುಡಿಯುವವರಿಗೂ ಇದೇ ನಿಯಮ, ಅದರಲ್ಲಿ ಕೆಫೀನು ಸ್ವಲ್ಪ ಕಮ್ಮಿ ಅಷ್ಟೇ. ಒಂದು ವಾರ ಹೀಗೆ ಮಾಡಿಯೂ ಎದೆ ಡವಡವ ನಿಲ್ಲದಿದ್ದರೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಸರಕಾರದ ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಓದುಗರು ಇದ್ದರೆ ಅವರಿಗೊಂದು ಮಾತು. ಆ 28 ಮಾತ್ರೆಗಳಲ್ಲಿ ಕೊನೆಯ 7 ಕಂದು ಮಾತ್ರೆಗಳಲ್ಲಿ ಹಾರ್ಮೋನು ಇಲ್ಲ, ಕಬ್ಬಿಣ ಉಂಟು. ಆ ವಾರದಲ್ಲೇ ಹೊಟ್ಟೆ ತೊಳಸಿ, ಮಲ ಕಪ್ಪಾದರೆ ಅದು ಕಬ್ಬಿಣದ ಕೆಲಸ.

ಮೀನಿನ ವಾಸನೆ ಆಗದಿರುವುದಕ್ಕೆ ಮಾತ್ರೆಯ ಹೊರಗಿನ ಕಾರಣಗಳೂ ಇವೆ. ಮಳೆಗಾಲದಲ್ಲಿ ನಮ್ಮಲ್ಲಿ ಮೊದಲು ಯೋಚಿಸಬೇಕಾದದ್ದು ಕಾಮಾಲೆ. ಎಣ್ಣೆ ತಿಂಡಿ ಕಂಡರೆ ಆಗುವುದಿಲ್ಲ, ಮೈ ಸುಸ್ತು, ಮೂತ್ರ ಗಾಢ ಹಳದಿ ಎಂದಾದರೆ ಆ ದಿನವೇ ಲಿವರ್ ಪರೀಕ್ಷೆ ಮಾಡಿಸಿ. ಕಾಮಾಲೆ ಹೌದಾದರೆ ಈಸ್ಟ್ರೊಜನ್ ಮಾತ್ರೆ ಮುಂದುವರಿಸುವಂತಿಲ್ಲ, ಗುಣವಾಗುವವರೆಗೆ ಕಾಂಡೋಮ್ ಬಳಸಬೇಕು. ಕೋವಿಡ್ ಆದ ಮೇಲೆ ಕೆಲವರಿಗೆ ಕಾಫಿ, ಹುರಿದ ಈರುಳ್ಳಿ, ಮೊಟ್ಟೆ ಎಲ್ಲ ಕೊಳೆತ ವಾಸನೆ ಬರುತ್ತದೆ, ಅದು ಮೂಗಿನ ನರದ ತೊಂದರೆ. ನಿಮ್ಮ ಪತ್ರದಲ್ಲಿ ಇವೆರಡರ ಲಕ್ಷಣವೂ ಕಾಣುವುದಿಲ್ಲ.

ವಾಕರಿಕೆ, ಮೀನು ಸೇರದಿರುವುದು, ಇವು ಕಿರಿಕಿರಿ. ಅಪಾಯದ ಲಕ್ಷಣಗಳು ಬೇರೆ ಇವೆ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಎದೆ ನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಹೊಟ್ಟೆಯಲ್ಲಿ ತಡೆಯಲಾಗದ ನೋವು. ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ. ತಲೆನೋವಿಗೆ ಮುಂಚೆ ಕಣ್ಣೆದುರು ಮಿಂಚಿನ ಗೆರೆ ಬರುವ ಮೈಗ್ರೇನ್ ನಿಮಗಿದ್ದರೆ, ಬಿಪಿ ಜಾಸ್ತಿ ಇದ್ದರೆ, ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಡಾಕ್ಟ್ರಿಗೆ ಹೇಳಿದ್ದೀರಾ ಎಂದು ನೆನಪಿಸಿಕೊಳ್ಳಿ.

ಮೂರನೇ ಸ್ಟ್ರಿಪ್ ಮುಗಿಯುವ ಹೊತ್ತಿಗೆ ಹೆಚ್ಚಿನವರಿಗೆ ವಾಕರಿಕೆ ಇಳಿಯುತ್ತದೆ. ನಿಮಗೂ ಇಳಿದಿದೆ. ಮತ್ತೆ ಏರಿದರೆ ಈಸ್ಟ್ರೊಜನ್ 20 ಮೈಕ್ರೋಗ್ರಾಂ ಇರುವ ಮಾತ್ರೆಗೆ ಬದಲಿಸಬಹುದು. ಅದೂ ಆಗದಿದ್ದರೆ ಬೇರೆ ದಾರಿಗಳಿವೆ. ಗರ್ಭಕೋಶದೊಳಗೆ ಇಡುವ ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ, ಮಂಗಳೂರಿನ ಲೇಡಿಗೋಷನ್‌ನಂಥ ಸರಕಾರಿ ಆಸ್ಪತ್ರೆಗಳಲ್ಲಿ ಹಾಕುತ್ತಾರೆ. ಆದರೆ ಅದು ನಿಮ್ಮ ಮುಟ್ಟನ್ನು ಸರಿ ಮಾಡುವುದಿಲ್ಲ, ಅದಕ್ಕೆ ಬೇರೆ ಮದ್ದು ಬೇಕು. ವಾರಕ್ಕೊಮ್ಮೆಯ ಛಾಯಾ ಮಾತ್ರೆ ಒಳ್ಳೆಯದು ಎಂದು ಯಾರಾದರೂ ಹೇಳಿಯಾರು. ಪಿಸಿಓಡಿ ಇರುವವರಿಗೆ ಅದನ್ನು ಕೊಡುವುದಿಲ್ಲ. ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದಿಗೆ ನಾನು ನಿಮ್ಮಂಥವರನ್ನು ಅವಸರದಲ್ಲಿ ಕಳಿಸುವುದಿಲ್ಲ. ಮೈಗೆ ಒಗ್ಗದಿದ್ದರೆ ಚುಚ್ಚಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ.

ಅತ್ತೆಗೆ ಏನು ಹೇಳುವುದು? ಮುಟ್ಟು ಸರಿಯಿರಲಿಲ್ಲ, ಅದಕ್ಕೆ ಮದ್ದು ತಿನ್ನುತ್ತಿದ್ದೇನೆ, ಮದ್ದಿನಿಂದ ಬಾಯಿ ಕೆಟ್ಟಿದೆ. ಇದರಲ್ಲಿ ಒಂದು ಸುಳ್ಳೂ ಇಲ್ಲ. ಮಗು ಯಾವಾಗ ಎಂಬುದು ನೀವಿಬ್ಬರೂ ಸೇರಿ ಹೇಳಬೇಕಾದ ಮಾತು, ಹೇಳಬೇಕು ಅನ್ನಿಸಿದಾಗ. ಅತ್ತೆ ಕೇಳಿದಾಗಲೆಲ್ಲ ನೀವೊಬ್ಬರೇ ಉತ್ತರ ಹುಡುಕುವುದು ಸರಿಯಲ್ಲ. ಮುಂದಿನ ಸಲ ಗಂಡ ಬಾಯಿ ತೆರೆಯಲಿ. "ಮನಸ್ಸಿನದ್ದು" ಎನ್ನುವ ಬದಲು ರಾತ್ರಿಗೆ ಮೀನು ಬೇಡ ಎಂದು ಅಮ್ಮನಿಗೆ ಅವರೇ ಹೇಳಿದರೆ ಅರ್ಧ ಕೆಲಸ ಆಯಿತು.

ಮಗುವಿನ ಬಗ್ಗೆ: ಈ ಮಾತ್ರೆ ಗರ್ಭಕೋಶವನ್ನಾಗಲಿ ಅಂಡಾಶಯವನ್ನಾಗಲಿ ಕೆಡಿಸುವುದಿಲ್ಲ. ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಒಂದರಿಂದ ಮೂರು ತಿಂಗಳಲ್ಲಿ ಅಂಡಾಣು ಬಿಡುಗಡೆ ಮೊದಲಿನಂತೆ ಶುರುವಾಗುತ್ತದೆ. ನಿಮಗೆ ಪಿಸಿಓಡಿ ಇರುವುದರಿಂದ ಮುಟ್ಟು ಮತ್ತೆ ತಡವಾಗಬಹುದು. ಅದು ಮಾತ್ರೆ ಮಾಡಿದ್ದಲ್ಲ, ಮೊದಲೇ ಇದ್ದ ತೊಂದರೆ. ಅದಕ್ಕೂ ಚಿಕಿತ್ಸೆ ಉಂಟು.

ಮುಂದಿನ ಭೇಟಿಗೆ ಹೋಗುವಾಗ ಎರಡೂ ಮಾತ್ರೆಗಳ ಸ್ಟ್ರಿಪ್ ಕೈಯಲ್ಲಿರಲಿ, ಹೆಸರು ಬಾಯಿಪಾಠ ಹೇಳುವುದು ಬೇಡ. ಬಿಪಿ ನೋಡಿಸಿ. ರಾತ್ರಿ ಏನು ತಿಂದಿರಿ, ಎಷ್ಟು ಹೊತ್ತಿಗೆ ಮಾತ್ರೆ ನುಂಗಿದಿರಿ, ಎಷ್ಟು ಹೊತ್ತಿಗೆ ತೊಳಸಿತು ಎಂದು ಒಂದು ವಾರ ಫೋನಿನಲ್ಲಿ ಬರೆದಿಡಿ. ಡಾಕ್ಟ್ರಿಗೆ ಐದು ನಿಮಿಷದಲ್ಲಿ ವಿಷಯ ಅರ್ಥ ಆಗುತ್ತದೆ.